ಯಜಮಾನರ ಹೆಸರಿನಲ್ಲಿ ಓಡಿದ ಜೀಪು

ನಮ್ಮ ಮನೆಯಲ್ಲಿ ಎಲ್ಲವೂ ಯಜಮಾನರ ಹೆಸರಿನಲ್ಲಿದೆ. ತೋಟ, ಕರೆಂಟ್ ಬಿಲ್ಲು, ಗ್ಯಾಸ್, ಕೊನೆಗೆ ನಾನೇ ಓಡಿಸುವ ಜೀಪಿನ ಆರ್‌ಸಿ ಕೂಡ. ಇದಕ್ಕೆ ನಾನು ತಲೆ ಕೆಡಿಸಿಕೊಂಡವಳಲ್ಲ. ನಮ್ಮೂರು ಜಾವಳಿಯ ಸುತ್ತ ಯಾವ ಮನೆಯಲ್ಲಿ ಕೇಳಿದರೂ ಇದೇ ಕಥೆ. ಹಾಗಾಗಿ ತಂಗಿಯ ಮಗಳು ರಜೆಗೆ ಬಂದವಳು ನನ್ನ ಫೋನಿಗೆ ಜೀಪ್ ಓಡಿಸುವ ಆಟವೊಂದನ್ನು ಹಾಕಿ, "ಹೆಸರು ಎಂತ ಹಾಕ್ಲಿ ದೊಡ್ಡಮ್ಮ?" ಎಂದಾಗ, ಅಕ್ಕಿ ಆರಿಸುತ್ತಿದ್ದ ನಾನು ಮೊರದಿಂದ ತಲೆಯೆತ್ತದೆ ಯಜಮಾನರ ಹೆಸರು ಹೇಳಿಬಿಟ್ಟೆ.

"ಇದು ಬ್ಲಾಕ್‌ಚೈನ್ ಗೇಮು. ಒಂದ್ಸಲ ಹಾಕಿದ ಹೆಸ್ರು ಬದಲಾಗಲ್ಲ."

"ಬದಲಾಯ್ಸೋಕೆ ನಂಗೇನು ಹುಚ್ಚಾ? ಹಾಕು."

ತಕರಾರು ಬಂದದ್ದು ಆಟಕ್ಕೆ ಬೀಗದ ಹಾಗೆ ಬೆರಳಿನ ಗುರುತು ಕೊಡುವಾಗ. ಕೊಯ್ಲಿನ ಕಾಲ. ಕಾಫಿ ಹಣ್ಣು ಕೊಯ್ದೂ ಕೊಯ್ದೂ ಹೆಬ್ಬೆರಳು, ತೋರುಬೆರಳು ಕಪ್ಪಾಗಿ ಗೆರೆ ಸವೆದಿರುತ್ತವೆ. ರೇಷನ್ ಅಂಗಡಿಯ ಮಿಷನ್ನಿಗೂ ಆಗ ನಮ್ಮ ಗುರುತು ಹತ್ತುವುದಿಲ್ಲ. ಕೊನೆಗೆ ಎಡಗೈಯ ಕಿರುಬೆರಳನ್ನು ಕೊಟ್ಟೆ. ಕೊಯ್ಲಿನಲ್ಲಿ ಮೈಗಳ್ಳತನ ಮಾಡುವ ಬೆರಳು ಅದೊಂದೇ.

ಮಧ್ಯಾಹ್ನ ಕಣದಲ್ಲಿ ಹರವಿದ ಕಾಫಿಯನ್ನು ಕಾಯುವುದು ನನ್ನ ಪಾಲಿನ ಕೆಲಸ. ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಆಡುತ್ತಿದ್ದೆ. ಆಟದ ತುಂಬ ಕೆಸರು ತುಂಬಿದ ಘಾಟಿ ರಸ್ತೆ. ಮದುವೆಯಾದಾಗಿನಿಂದ ಅಂಥದ್ದೇ ಕೆಸರಿನಲ್ಲಿ ಕೊಟ್ಟಿಗೆಹಾರದಿಂದ ಜೀಪಿನಲ್ಲಿ ಗೊಬ್ಬರ ಹೇರಿಕೊಂಡು ತಂದವಳಿಗೆ, ತಿರುವಿಗೆ ಮೊದಲೇ ಗೇರ್ ಇಳಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗೆದ್ದೆ. ಮತ್ತೆ ಗೆದ್ದೆ. ಮುಖ ಕಾಣದ ಊರುಗಳ ಹುಡುಗರು "ಸರ್, ನಿಮ್ಮ ಡ್ರೈವಿಂಗ್ ಭಾರೀ" ಎಂದು ಬರೆಯತೊಡಗಿದರು. ಆ ಸರ್ ಒಂದೇ ಒಂದು ಸಲ ಆಡಿ, ಮೊದಲ ತಿರುವಿನಲ್ಲೇ ಜೀಪನ್ನು ಪ್ರಪಾತಕ್ಕೆ ಇಳಿಸಿದವರು.

ಒಂದು ದಿನ ಯಜಮಾನರು ನಗುತ್ತಾ ಬಂದರು. ಕೊಟ್ಟಿಗೆಹಾರದ ಹೋಟೆಲಿನಲ್ಲಿ ನಾಲ್ಕು ಜನ ಬೆನ್ನು ತಟ್ಟಿದರಂತೆ, ಗೇಮಿನಲ್ಲಿ ಊರಿನ ಮರ್ಯಾದೆ ಹೆಚ್ಚಿಸಿದಿರಿ ಅಂತ. ನನಗೆ ಮೈಯೆಲ್ಲ ಉರಿದುಹೋಯಿತು.

"ನಾನಲ್ಲ ಅನ್ನೋಕೆ ನಿಮ್ಮ ಬಾಯಿ ಬಿದ್ದೋಗಿತ್ತಾ?"

"ಹೇಳ್ದೆ ಮಾರಾಯ್ತಿ. ತಮಾಷೆ ಮಾಡ್ಬೇಡಿ ಸಾರ್ ಅಂದ್ರು."

ಅಷ್ಟರಲ್ಲಿ ಆಟವೇ ಮುಚ್ಚುತ್ತದೆ ಎಂಬ ಸುದ್ದಿ ಬಂತು. ತಂಗಿಯ ಮಗಳು ಫೋನಿನಲ್ಲಿ ಸಮಾಧಾನ ಹೇಳಿದಳು: ಇನ್ನೊಂದು ಕಂಪನಿಯ ಆಟಕ್ಕೆ ಜೀಪು, ಗೆಲುವು ಎಲ್ಲವನ್ನೂ ಒಯ್ಯಬಹುದು. ಕಾಫಿ ಮೂಟೆಗೆ ತೋಟದ ಮಾರ್ಕು ಹಾಕಿದ ಮೇಲೆ ಅದು ಬೀಜ ಹಸನು ಮಾಡುವ ಯಾವ ಕ್ಯೂರಿಂಗ್ ವರ್ಕ್ಸ್‌ಗೆ ಹೋದರೂ ಯಾರದ್ದೆಂದು ತಿಳಿಯುವುದಿಲ್ಲವೇ, ಹಾಗೆ. ಆದರೆ ಹೆಸರು, ಬೆರಳಿನ ಗುರುತು ಮೊದಲಿನವೇ ಇರುತ್ತವೆ. ನನ್ನ ಹೆಸರೇ ಬೇಕೆಂದರೆ ಸೊನ್ನೆಯಿಂದ ಶುರು ಮಾಡಬೇಕು.

ಕಾಫಿ ಹೂ ಬಿಟ್ಟು ಉದುರುವವರೆಗೂ ಇದೇ ಯೋಚನೆ. ಹೆಸರು ಬೇಕೋ, ಗೆಲುವು ಬೇಕೋ? ಒಂದೊಂದು ತಿರುವನ್ನೂ ತಿರುಗಿಸಿದವಳು ನಾನು. ಬಿಟ್ಟುಬರಲು ಮನಸ್ಸು ಒಪ್ಪಲಿಲ್ಲ. ಗೆಲುವನ್ನೇ ಹೊತ್ತುಕೊಂಡು ಹೋದೆ.

ಹೊಸ ಆಟದಲ್ಲಿ ಮಂಜುಗಡ್ಡೆಯ ರಸ್ತೆ. ಜೀಪು ಬಂತು, ಆದರೆ ನಾನು ಗೆದ್ದು ಸಂಪಾದಿಸಿದ್ದ ಕೆಸರಿನ ಟೈರು ಅಲ್ಲಿ ಲೆಕ್ಕಕ್ಕೇ ಇಲ್ಲ; ಬರೀ ಚಿತ್ರ. ಜಾರಿದೆ, ಬಿದ್ದೆ, ಅಲ್ಲಿನವರು ನಕ್ಕರು. ಹಳೆಯ ಗೆಲುವುಗಳನ್ನು ನೋಡಿ, ಇದು ಯಾರಿಂದಲೋ ಕೊಂಡ ಐಡಿ ಎಂದು ಬರೆದರು. ಸೋತದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಚುಚ್ಚಿತು. ಹಠ ಹಿಡಿದು ಮಳೆಗಾಲವಿಡೀ ಮಂಜುಗಡ್ಡೆಯ ಮೇಲೆ ಓಡಿಸುವುದನ್ನು ಕಲಿತೆ.

ಮುಂದಿನ ಕೊಯ್ಲಿನ ಹೊತ್ತಿಗೆ ಚಿಕ್ಕಮಗಳೂರಿನ ಒಂದು ಹಾಲ್‌ನಲ್ಲಿ ಆಟಗಾರರನ್ನೆಲ್ಲ ಸೇರಿಸಿ ಪಂದ್ಯ ಇಟ್ಟರು. ನಾನೇ ಜೀಪು ಓಡಿಸಿಕೊಂಡು ಹೋದೆ, ಯಜಮಾನರು ಪಕ್ಕದಲ್ಲಿ. ಬಾಗಿಲಲ್ಲಿದ್ದ ಹುಡುಗಿ ಹೆಸರು ಕೂಗಿ ಅವರ ಮುಖ ನೋಡಿದಳು. "ಸರ್, ಕೊಂಡ ಐಡಿಗಳು ಬರ್ತಿವೆ ಅಂತ ಕಂಪ್ಲೇಂಟ್ ಇದೆ. ಮೊದ್ಲು ಕೊಟ್ಟ ಬೆರಳಿನ ಗುರುತು ಇಟ್ಟು ಗೇಮ್ ಓಪನ್ ಮಾಡ್ಬೇಕು."

"ನಾನಲ್ಲಮ್ಮ, ಇವ್ಳು," ಎಂದರು ಯಜಮಾನರು.

"ಹೆಸರು ನಿಮ್ದೇ ಅಲ್ವಾ ಸರ್?"

ಇವರು ಒಂದು ಕ್ಷಣ ನನ್ನನ್ನು ನೋಡಿ, ಫೋನು ತೆಗೆದುಕೊಂಡು ತಮ್ಮ ಹೆಬ್ಬೆರಳು ಒತ್ತಿದರು. ತೆರೆಯಲಿಲ್ಲ. "ನೋಡಿದ್ಯಾ?" ಎಂದು ಅವಳಿಗೆ ಹೇಳಿ ಫೋನನ್ನು ನನ್ನ ಕೈಗಿಟ್ಟರು. ಸಾಲಿನಲ್ಲಿದ್ದವರೆಲ್ಲ ನನ್ನ ಕಪ್ಪಾದ ಬೆರಳುಗಳನ್ನೇ ನೋಡುತ್ತಿದ್ದರು. ನಾನು ಎಡಗೈಯ ಕಿರುಬೆರಳನ್ನು ಇಟ್ಟೆ.

ಆಟ ತೆರೆಯಿತು. ಜೀಪು, ಹಳೆಯ ಆಟದ ಗೆಲುವು, ಹೊಸ ಆಟದ ಗೆಲುವು ಎಲ್ಲ ಒಂದರ ಕೆಳಗೊಂದು ಬಂದು ನಿಂತವು. ಹುಡುಗಿ ಎದ್ದು ನಿಂತು, "ಮೇಡಂ, ಇಷ್ಟು ದಿನ ನಿಮ್ಮನ್ನೇ ನಾವು ಸರ್ ಅಂತಿದ್ವಾ?" ಎಂದಳು. ಯಾರೋ ಚಪ್ಪಾಳೆ ಶುರು ಮಾಡಿದರು. ನಾನು ಬೀಗಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಬೀಗಿದೆ. ಪಂದ್ಯದಲ್ಲಿ ಎರಡನೆಯವಳಾಗಿ ಬಂದೆ. ಮೊದಲು ಬಂದವನು ನನ್ನ ಪಕ್ಕ ನಿಂತು ಫೋಟೋ ಹೊಡೆಸಿಕೊಂಡ.

ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಫೋಟೋ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಹೋಟೆಲಿನವರು ನನಗೆ ಕುರ್ಚಿ ಎಳೆದು ಹಾಕಿ, ಒಳಗಿನ ಮಾಣಿಗೆ ಕೂಗಿ ಹೇಳಿದರು:

"ಮೇಡಂಗೊಂದು ಸ್ಪೆಷಲ್ ಟೀ ತಗೊಂಬಾ ಮಾರಾಯ. ಹಾಂ, ಮೇಡಂ ಯಜಮಾನ್ರಿಗೂ ಒಂದು."

ಇವರು ಬಾಯ್ತುಂಬ ನಕ್ಕು, ನನ್ನ ಪಕ್ಕದ ಬೆಂಚಿನಲ್ಲಿ ಕೂತರು.