ಟ್ಯೂಬ್‌ಲೈಟಿಗೆ ಕೈ ಮುಗಿದದ್ದು

ಆಗಲ್ಲ ಅಂತ ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ದ್ವೇಷದಿಂದ ಹೇಳಿದ್ದಲ್ಲ. ಬೆಂಗಳೂರಿನ ಶ್ರೀನಗರದ ತಮ್ಮ ಫೋಟೋ ಸ್ಟುಡಿಯೋದಲ್ಲಿ ಯಾರದೋ ರೇಷನ್ ಕಾರ್ಡನ್ನು ಲ್ಯಾಮಿನೇಷನ್ ಮೆಷಿನ್ನಿನ ಬಾಯಿಗೆ ಕೊಡುತ್ತಾ, ತಲೆ ಎತ್ತದೆ ಹೇಳಿದರು.

"ನಮ್ಮ ವಂಶದಲ್ಲೇ ಯಾರೂ ಡಿಗ್ರಿ ಮುಟ್ಟಿಲ್ಲ. ಇವಳು ಹಗಲೆಲ್ಲ ಸೀರೆ ಅಂಗಡೀಲಿ ನಿಂತು, ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮಾಡ್ತಾಳಂತೆ. ಆಗೋ ಮಾತಲ್ಲ ಬಿಡಮ್ಮ."

ಹೇಳಿದ್ದು ನನಗಲ್ಲ, ನನ್ನ ಪಕ್ಕದಲ್ಲಿ ನಿಂತಿದ್ದ ಅಮ್ಮನಿಗೆ. ಕಾರ್ಡು ಮೆಷಿನ್ನಿನ ಆಚೆ ಕಡೆಯಿಂದ ಬಿಸಿಯಾಗಿ, ಹೊಳೆಯುತ್ತಾ ಹೊರಗೆ ಬಂತು. ಅಮ್ಮ ಅದನ್ನೇ ನೋಡುತ್ತಾ, "ಕಾಲೇಜಿಗೆ ಸೇರಿದ್ದಾಳೆ ಭಾವ, ಆಯ್ತು" ಅಂದಳು. ಅಷ್ಟೇ.

ಅಪ್ಪ ಹೋದ ಮೇಲೆ ನಾವಿಬ್ಬರು ಕತ್ರಿಗುಪ್ಪೆಯಲ್ಲಿ ದೊಡ್ಡಪ್ಪನ ಮನೆಯ ಮೇಲಿನ ರೂಮಿನಲ್ಲಿದ್ದೆವು. ಅಮ್ಮ ಕಿಟಕಿ ಪಕ್ಕ ಕೂತು ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದಳು. ಪಿಯುಸಿ ಮುಗಿಸಿದ ನಾನು ಜಯನಗರದ ಒಂದು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಡಿಸಿ ತೋರಿಸುತ್ತಿದ್ದೆ, ಅವರು ಎದ್ದು ಹೋದ ಮೇಲೆ ಮತ್ತೆ ಮಡಿಸುತ್ತಿದ್ದೆ. ಸಂಜೆ ಕಾಲೇಜಿಗೆ ಓಡುವಾಗ ಕೈಬೆರಳಿಗೆಲ್ಲ ಹೊಸ ಬಟ್ಟೆಯ ಗಂಜಿ ವಾಸನೆ. ಇಂಗ್ಲಿಷ್ ಪೇಪರಿನಲ್ಲಿ ಫೇಲಾದೆ. ಅಮ್ಮನಿಗೆ ಆಪರೇಷನ್ ಆದ ವರ್ಷ ಪರೀಕ್ಷೆಗೇ ಕೂರಲಿಲ್ಲ. ಹೀಗೆ ಎಳೆದೂ ಎಳೆದೂ ಕೊನೆಯ ಸೆಮಿಸ್ಟರಿಗೆ ಬಂದಾಗ ನಮ್ಮ ಮೇಡಂ ಒಂದು ದಿನ ಕರೆದು ನೇರವಾಗಿ ಹೇಳಿದರು: ಕೋರ್ಸ್ ಮುಗಿಸೋಕೆ ಕೊಟ್ಟಿರೋ ಅವಧಿ ಈ ಸಲಕ್ಕೆ ಮುಗಿಯುತ್ತೆ. ಪ್ರಾಜೆಕ್ಟಿನಲ್ಲಿ ಪಾಸಾದರೆ ಡಿಗ್ರಿ, ಇಲ್ಲದಿದ್ದರೆ ಹಿಂದಿನದೆಲ್ಲ ನೀರುಪಾಲಾದ ಹಾಗೆ.

ನಮಗೆ ಸಿನಿಮಾ ಅಂತ ಒಂದು ಐಚ್ಛಿಕ ವಿಷಯವಿತ್ತು. ಪ್ರಾಜೆಕ್ಟ್ ಅದರಲ್ಲೇ. ಸಿನಿಮಾದಲ್ಲಿ ಕೆಲಸ ಮಾಡಿದ ಒಬ್ಬರ ಇಡೀ ವೃತ್ತಿಜೀವನದ ಬಗ್ಗೆ ಬರೆಯಬೇಕು, ಆಮೇಲೆ ಅವರ ರೀತಿಯಲ್ಲೇ ಒಂದು ಸಣ್ಣ ದೃಶ್ಯ ಶೂಟ್ ಮಾಡಿ ತರಬೇಕು. ನನ್ನ ಜೊತೆಯವರು ಹೀರೋಗಳನ್ನು, ಡೈರೆಕ್ಟರುಗಳನ್ನು ಹಿಡಿದರು. ನಾನು ಹಿಡಿದದ್ದು ಹಾಲಿವುಡ್ಡಿನ ಮುದಿ ಕ್ಯಾಮೆರಾಮನ್ ಒಬ್ಬರನ್ನು.

ಯಾಕೆ ಅಂತ ಆಗ ಕೇಳಿದವರಿಗೆಲ್ಲ ಏನೇನೋ ಉತ್ತರ ಕೊಟ್ಟೆ. ನಿಜವಾದ ಕಾರಣ ಇದು: ಅವರ ಬದುಕಿನ ಮೊದಲರ್ಧ ನನಗೆ ಪರಿಚಯವಿದ್ದ ಹಾಗಿತ್ತು. ಮೊದಲು ಕ್ಯಾಮೆರಾ ಪೆಟ್ಟಿಗೆ ಹೊತ್ತರು. ಆಮೇಲೆ ಎಷ್ಟೋ ವರ್ಷ ಬೆಳಕು ನುಗ್ಗದ ಕಪ್ಪು ಚೀಲದೊಳಗೆ ಕೈ ತೂರಿಸಿ, ಕಣ್ಣಿಗೆ ಏನೂ ಕಾಣದೆ, ಬೆರಳಿನ ಅಂದಾಜಿನಲ್ಲೇ ಫಿಲಂ ತುಂಬಿಸಿದರು. ಆಮೇಲೆ ಫೋಕಸ್ ತಪ್ಪದಿರಲಿ ಅಂತ ಟೇಪು ಹಿಡಿದು ಲೆನ್ಸಿನಿಂದ ನಟಿಯ ಕಣ್ಣಿನವರೆಗೆ ಅಳತೆ ತೆಗೆಯುವ ಕೆಲಸ. ಅಷ್ಟೂ ಕಾಲ ಪರದೆ ಮೇಲೆ ಅವರ ಹೆಸರಿಲ್ಲ. ಕೂದಲು ನರೆಯುವ ಹೊತ್ತಿಗೆ ಹೆಸರು ಬಂತು. ಕಪ್ಪು-ಬಿಳುಪು ಹೋಗಿ ಬಣ್ಣ ಬಂದಾಗ, ಫಿಲಂ ಹೋಗಿ ಕಂಪ್ಯೂಟರ್ ಬಂದಾಗ, ಇನ್ನು ಇವರ ಕಥೆ ಮುಗೀತು ಅಂದವರೇ ಎಲ್ಲ. ಪ್ರತಿ ಸಲವೂ ಅವರು ತಮಗಿಂತ ಚಿಕ್ಕವರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕಲಿತರು. ಎಂಬತ್ತು ದಾಟಿದ ಮೇಲೂ ಕೆಲಸ ಬಿಡಲಿಲ್ಲ. ಫೋನಿನಲ್ಲಿ ಒಂದೊಂದೇ ಪದದ ಅರ್ಥ ಹುಡುಕುತ್ತಾ ಇದನ್ನೆಲ್ಲ ಓದಿದೆ. ಜಯನಗರದಿಂದ ಬರುವ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಎರಡು ಪುಟ, ಸಿಗದ ದಿನ ಇಲ್ಲ.

ಅಮ್ಮ ಅವರಿಗೆ 'ಹಾಲಿವುಡ್ ತಾತ' ಅಂತ ಹೆಸರಿಟ್ಟಳು. ನಾನು ಊಟಕ್ಕೆ ಏಳದಿದ್ದರೆ, "ನಿಮ್ಮ ತಾತಂಗೂ ಒಂದು ತಟ್ಟೆ ಹಾಕ್ಲಾ?" ಅನ್ನುತ್ತಿದ್ದಳು.

ದೊಡ್ಡಪ್ಪನಿಗೆ ವಿಷಯ ಗೊತ್ತಾದಾಗ ಎರಡನೇ ಸಲ ಆಗಲ್ಲ ಅಂದರು. ಅವರದೂ ಕ್ಯಾಮೆರಾ ಹಿಡಿದೇ ಸವೆದ ಜೀವ. ಮದುವೆ ವಿಡಿಯೋಗೆ ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಇದ್ದ ಕಾಲದಿಂದ ಇವತ್ತಿನ ಡ್ರೋನ್ ತನಕ ಬಂದವರು. ಅವರ ಲೈಟಿನ ಬಿಸಿಗೆ ಬೆವರದ ಮದುಮಗಳು ಈ ಕಡೆಯ ಛತ್ರಗಳಲ್ಲಿ ಇರಲಿಕ್ಕಿಲ್ಲ.

"ಹಾಲಿವುಡ್‌ನೋರ ಬಗ್ಗೆ ನೀನೇನು ಬರೀತೀಯಮ್ಮ? ನನ್ನ ಜೊತೆ ನಾಲ್ಕು ಮದುವೆಗೆ ಬಂದಿದ್ರೆ ಅದಾದ್ರೂ ಬರೀಬಹುದಿತ್ತು."

"ನಿಮ್ಮ ಬಗ್ಗೆ ಆಮೇಲೆ ಬರೀತೀನಿ ದೊಡ್ಡಪ್ಪ."

"ಬರೆದು ನನಗೆ ಡಿಗ್ರಿ ಕೊಡಿಸು" ಅಂದು ನಕ್ಕರು. ಕೇಳಿದ ತಕ್ಷಣ ಲೈಟುಗಳನ್ನು ಮಾತ್ರ ಕೊಟ್ಟರು. ಕೊಟ್ಟದ್ದಷ್ಟೇ ಅಲ್ಲ, ಭಾನುವಾರ ತಾವೇ ಹೊತ್ತುಕೊಂಡು ಮೇಲೆ ಬಂದರು.

ನನ್ನ ದೃಶ್ಯ ಸರಳ. ಕಿಟಕಿ ಪಕ್ಕ ಒಬ್ಬ ಹೆಂಗಸು ಫಾಲ್ಸ್ ಹೊಲಿಯುತ್ತಾ ಕೂತಿದ್ದಾಳೆ, ಹೊತ್ತು ಮುಳುಗುತ್ತದೆ. ಕಾಲೇಜಿನ ಕ್ಯಾಮೆರಾ ತಂದು ಜೋಡಿಸಿ ತಿರುಗಿದರೆ, ಅಮ್ಮ ರೇಷ್ಮೆ ಸೀರೆ ಉಟ್ಟು, ಮುಖಕ್ಕೆ ಪೌಡರ್ ಬಳಿದುಕೊಂಡು ಬಂದು ನಿಂತಿದ್ದಾಳೆ.

"ಫಾಲ್ಸ್ ಹೊಲಿಯೋರು ರೇಷ್ಮೆ ಸೀರೆ ಉಟ್ಕೋತಾರೇನಮ್ಮ?"

"ನಾಲ್ಕು ಜನ ಓದಿದೋರು ನೋಡ್ತಾರೆ ಅಂದೆಯಲ್ಲೇ."

ದೊಡ್ಡಪ್ಪ ಎರಡೂ ಕಡೆಯಿಂದ ಲೈಟ್ ಹಾಕಿದರು. ಅಮ್ಮನ ಮುಖ ಸುಣ್ಣ ಹೊಡೆದ ಗೋಡೆಯಂತೆ ಬೆಳ್ಳಗಾಯಿತು. ಮೂಗಿನ ಪಕ್ಕದಲ್ಲೂ ಒಂದು ನೆರಳಿಲ್ಲ. ಒಂದು ಲೈಟ್ ಆರಿಸೋಣ ಅಂದೆ. "ಮುಖ ಕಾಣಬೇಕಮ್ಮ. ಅರ್ಧ ಮುಖ ಕಪ್ಪಾಗಿದ್ರೆ ಹೆಣ್ಣಿನ ಕಡೆಯೋರು ಬಿಡ್ತಾರಾ?" ಅಂದರು. ಇಲ್ಲಿ ಹೆಣ್ಣಿನ ಕಡೆಯವರು ಯಾರೂ ಇಲ್ಲ ಅಂತ ಹೇಳುವ ಧೈರ್ಯ ಬರಲಿಲ್ಲ. ಆ ಭಾನುವಾರ ಹಾಗೇ ಹೋಯಿತು.

ಉಳಿದದ್ದು ಇನ್ನೊಂದೇ ಭಾನುವಾರ. ಆಮೇಲೆ ಕ್ಯಾಮೆರಾ ವಾಪಸ್ ಕೊಡಬೇಕು, ಅದೇ ವಾರ ಪ್ರಾಜೆಕ್ಟ್ ಒಪ್ಪಿಸಬೇಕು. ಈ ಸಲ ತಾತ ಮಾಡುತ್ತಿದ್ದ ಹಾಗೇ ಮಾಡೋಣ ಅಂದುಕೊಂಡೆ. ಅವರು ಯಾವ ಜಾಗಕ್ಕೆ ಹೋದರೂ ಮೊದಲು ಎಲ್ಲ ದೀಪ ಆರಿಸಲು ಹೇಳಿ, ಸುಮ್ಮನೆ ಕೂತು, ಆ ಕೋಣೆಗೆ ಬೆಳಕು ಎಲ್ಲಿಂದ ಬರುತ್ತದೆ ಅಂತ ನೋಡುತ್ತಿದ್ದರಂತೆ. ಅದು ಗೊತ್ತಾದ ಮೇಲೇ ತಮ್ಮ ಲೈಟಿಗೆ ಕೈ ಹಾಕುತ್ತಿದ್ದದ್ದು. ಹೊತ್ತು ಮುಳುಗಿ ಕತ್ತಲಾಗುವ ಮುಂಚಿನ ಸ್ವಲ್ಪ ಹೊತ್ತು ಅವರಿಗೆ ಬಲು ಪ್ರೀತಿ. ಆ ಬೆಳಕಿಗಾಗಿ ಇಡೀ ಯೂನಿಟ್ಟನ್ನು ದಿನಗಟ್ಟಲೆ ಕಾಯಿಸಿದ್ದರಂತೆ.

ನಮ್ಮ ಮನೆಯಲ್ಲಿ ಅದೇ ಹೊತ್ತಿಗೆ ಬೇರೆ ಕಾನೂನು. ಮುಸ್ಸಂಜೆಯಲ್ಲಿ ಮಲಗುವ ಹಾಗಿಲ್ಲ, ಕಸ ಗುಡಿಸುವ ಹಾಗಿಲ್ಲ, ಮನೆ ಕತ್ತಲೆ ಇಡುವ ಹಾಗಂತೂ ಇಲ್ಲವೇ ಇಲ್ಲ.

"ದೀಪ ಹಚ್ಚೋ ಹೊತ್ತಲ್ಲಿ ಕತ್ತಲಲ್ಲಿ ಕೂರು ಅಂತೀಯಲ್ಲ, ದರಿದ್ರ ಕಣೆ ಅದು."

"ಸ್ವಲ್ಪ ಹೊತ್ತು ಅಮ್ಮ."

"ಲಕ್ಷ್ಮಿ ನಿನ್ನ ಶೂಟಿಂಗ್ ಮುಗಿಯೋವರೆಗೂ ಬಾಗಿಲಲ್ಲಿ ನಿಂತಿರ್ತಾಳಾ?"

"ಡಿಗ್ರಿ ಬಂದ್ರೆ ಅವಳೇ ಒಳಗೆ ಬರ್ತಾಳೆ."

ಅದಕ್ಕೆ ಅಮ್ಮ ಒಪ್ಪಿದಳು. ದಿನಾ ಉಡುವ ಕಾಟನ್ ಸೀರೆಯಲ್ಲೇ ಬಂದು ಕೂತಳು. ಕ್ಯಾಮೆರಾ ಆನ್ ಮಾಡಿ ನಾನು ಗೋಡೆಗೆ ಒರಗಿ ನಿಂತೆ. ಎದುರು ಮನೆಯ ನೀರಿನ ಟ್ಯಾಂಕಿನ ಮೇಲಿನಿಂದ ಬಂದ ಬೆಳಕು ಅಮ್ಮನ ಒಂದು ಕೆನ್ನೆಯ ಮೇಲೆ, ಮಡಿಲಲ್ಲಿದ್ದ ಯಾರದೋ ನೇರಳೆ ಸೀರೆಯ ಮೇಲೆ ಬಿದ್ದಿತ್ತು. ಕೆಳಗಿನ ಮನೆಯಲ್ಲಿ ಕುಕ್ಕರ್ ಕೂಗಿತು. ಸೀರೆಯ ಬಣ್ಣ ನಿಧಾನಕ್ಕೆ ಇಳಿಯಿತು. ಸೂಜಿ ಕಾಣದೆ ಅಮ್ಮ ಬಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. ಇನ್ನೂ ಹತ್ತಿರಕ್ಕೆ ತಂದುಕೊಂಡಳು. ಇನ್ನು ಸ್ವಲ್ಪ ಹೊತ್ತು ಹೀಗೇ ಕೂತರೆ ಸಾಕು, ಅವಳ ಮುಖ ಕತ್ತಲಲ್ಲಿ ಕರಗುತ್ತದೆ, ನನ್ನ ಡಿಗ್ರಿ ಕೈಗೆ ಸಿಗುತ್ತದೆ ಅಂದುಕೊಂಡು ಉಸಿರು ಹಿಡಿದು ನಿಂತಿದ್ದೆ.

ಅಮ್ಮ ಎದ್ದಳು. ನೇರ ಹೋಗಿ ಸ್ವಿಚ್ ಒತ್ತಿದಳು. ಟ್ಯೂಬ್‌ಲೈಟ್ ಎರಡು ಮೂರು ಸಲ ಮಿಟುಕಿಸಿ ಹತ್ತಿಕೊಂಡಿತು. ಅದಕ್ಕೆ ಎರಡೂ ಕೈ ಜೋಡಿಸಿ, ತುಟಿಯಲ್ಲೇ ಏನೋ ಅಂದುಕೊಂಡು, ವಾಪಸ್ ಬಂದು ಕೂತು ಸೂಜಿ ಎತ್ತಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ಅಯ್ಯೋ, ಎದ್ದುಬಿಟ್ನಾ?"

ಬೇಕಂತ ಎದ್ದದ್ದಲ್ಲ. ಆ ಹೊತ್ತಿಗೆ ಅವಳ ಕಾಲು ತಾನಾಗಿಯೇ ಸ್ವಿಚ್ಚಿನ ಕಡೆ ಹೋಗುತ್ತದೆ. ಮತ್ತೆ ಆರಿಸಿ ತೆಗೆಯೋಣ ಅಂದರೆ ಹೊರಗೆ ಕತ್ತಲಾಗಿತ್ತು. ಹತ್ತಿಸಿ ಕೈ ಮುಗಿದ ದೀಪವನ್ನು ಆರಿಸು ಅಂತ ಕೇಳುವುದೂ ಆಗದು. ನಾನು ಕ್ಯಾಮೆರಾ ಕಳಚಿ ಚೀಲಕ್ಕೆ ತುಂಬಿದೆ. ಆ ರಾತ್ರಿ ಅಮ್ಮ ಊಟಕ್ಕೆ ಕರೆಯುವಾಗ ತಾತನ ಹೆಸರು ಎತ್ತಲಿಲ್ಲ.

ಮಾರನೇ ದಿನ ಅಂಗಡಿಗೆ ರಜೆ ಹಾಕಿ, ಎಡಿಟ್ ಮಾಡುವುದಕ್ಕೆ ದೊಡ್ಡಪ್ಪನ ಸ್ಟುಡಿಯೋಗೆ ಹೋದೆ. ಅವರು ಹಿಂದೆ ನಿಂತು ನೋಡಿದರು. "ಎಷ್ಟು ಕತ್ತಲು. ನಮ್ಮ ಗಿರಾಕಿಗಳಾಗಿದ್ರೆ ಪೆನ್‌ಡ್ರೈವ್ ಮುಖದ ಮೇಲೆ ಎಸೀತಿದ್ರು" ಅಂದರು. ಅಮ್ಮ ಎದ್ದ ಜಾಗ ಬಂದಾಗ, "ಇಲ್ಲಿ ತಪ್ಪು ಬಿದ್ದಿದೆ, ಇಲ್ಲಿಂದ ತೆಗೆದುಬಿಡು" ಅಂದರು. ಅವರ ಅಷ್ಟು ವರ್ಷದ ಕೆಲಸವೇ ಅದು. ಮಂಟಪದಲ್ಲಿ ಆಕಳಿಸುವ ಪುರೋಹಿತರು, ಅಳುವಾಗ ಕ್ಯಾಮೆರಾ ಕಂಡು ಸೆರಗು ಸರಿ ಮಾಡಿಕೊಳ್ಳುವ ಅತ್ತೆ, ಎಲ್ಲರನ್ನೂ ಚೊಕ್ಕವಾಗಿ ತೆಗೆದುಬಿಡುತ್ತಾರೆ.

ತೆಗೆದು ನೋಡಿದೆ. ಚೆನ್ನಾಗಿಯೇ ಇತ್ತು. ಆದರೆ ಯಾರದೋ ಮನೆ ಅನ್ನಿಸಿತು. ಆ ಮನೆಯಲ್ಲಿ ಕತ್ತಲಾದರೂ ಒಬ್ಬರೂ ಎದ್ದು ದೀಪ ಹಾಕುವುದಿಲ್ಲ. ಮತ್ತೆ ಸೇರಿಸಿದೆ. ಮಿಟುಕಿಸುವ ಟ್ಯೂಬು, ಜೋಡಿಸಿದ ಕೈ. ಮೂರು ನಾಲ್ಕು ಸಲ ನೋಡಿದ ಮೇಲೆ ಹೊಳೆಯಿತು: ನಾನು ಇದನ್ನು ಗಮನ ಕೊಟ್ಟು ನೋಡಿ ಎಷ್ಟು ವರ್ಷವಾಗಿತ್ತು. ಎಷ್ಟೋ ಸಂಜೆ, ಅಮ್ಮ ಎದ್ದು ಸ್ವಿಚ್ ಒತ್ತುವ ಹೊತ್ತಿಗೆ, ನಾನು ಕಾಲೇಜಿನ ಟ್ಯೂಬ್‌ಲೈಟಿನ ಕೆಳಗೆ ಕೂತು ನಿದ್ದೆ ತಡೆಯುತ್ತಿದ್ದೆ. ಅವಳು ಒಬ್ಬಳೇ ದೀಪ ಹಾಕಿ, ಒಬ್ಬಳೇ ಕೈ ಮುಗಿದು, ಮತ್ತೆ ಹೊಲಿಯಲು ಕೂತಿದ್ದಳು. ಏನು ಬೇಡಿಕೊಳ್ಳುತ್ತಿದ್ದಳು ಅಂತ ಕೇಳಬೇಕಾದ್ದಿರಲಿಲ್ಲ.

"ಇರಲಿ ದೊಡ್ಡಪ್ಪ" ಅಂದೆ.

"ಮಾರ್ಕ್ಸ್ ಹೋಗುತ್ತೆ."

"ಹೋಗಬಹುದು."

ಅವರು ನನ್ನನ್ನೇ ನೋಡಿ, ಹೋಗಿ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸಲು ಕೂತರು.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಬರೆದದ್ದನ್ನೆಲ್ಲ ಓದಿದ್ದರು. ತಾತನ ಬಗ್ಗೆ ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಟ್ಟೆ. ಆಮೇಲೆ ದೃಶ್ಯ ಹಾಕಿದರು. ಟ್ಯೂಬ್‌ಲೈಟ್ ಹತ್ತಿದ ತಕ್ಷಣ ಅವರ ಹುಬ್ಬು ಗಂಟಾಯಿತು.

"ಕಿಟಕಿ ಬೆಳಕು ಇಷ್ಟು ಚೆನ್ನಾಗಿ ಹಿಡಿದಿದ್ದೀರಿ. ಕೊನೇಲಿ ಟ್ಯೂಬ್‌ಲೈಟ್ ಹಾಕಿ ಎಲ್ಲಾ ಹಾಳು ಮಾಡಿದ್ದೀರಲ್ಲಮ್ಮ. ನಿಮ್ಮ ಕ್ಯಾಮೆರಾಮನ್ ಇದನ್ನ ಒಪ್ತಾರಾ?"

ಮೇಡಂ ಕಡೆ ನೋಡಿದೆ. ಅವರು ಟೇಬಲ್ ನೋಡುತ್ತಿದ್ದರು.

"ಒಪ್ತಾರೋ ಇಲ್ವೋ ಗೊತ್ತಿಲ್ಲ ಸಾರ್. ಅವರು ಎಲ್ಲಿಗೆ ಹೋದ್ರೂ ಅಲ್ಲಿಗೆ ಬೆಳಕು ಎಲ್ಲಿಂದ ಬರುತ್ತೆ ಅಂತ ಮೊದಲು ನೋಡ್ತಿದ್ರು. ಸಂಜೆ ಹೊತ್ತು ನಮ್ಮನೆಗೆ ಬೆಳಕು ಬರೋದು ಹೀಗೇ. ನಮ್ಮಮ್ಮ ಎದ್ದು ಹಾಕ್ತಾರೆ."

ಅವರು ಇನ್ನೊಂದು ಸಲ ಹಾಕಿ ಅಂದರು. ಅಮ್ಮ ಕೈ ಮುಗಿಯುವ ತನಕ ನೋಡಿದರು.

"ಅದು ಯಾಕೆ ಹಾಗೆ ಮಿಟುಕಿಸುತ್ತೆ? ಎಡಿಟಿಂಗಾ?"

"ಇಲ್ಲ ಸಾರ್, ಸ್ಟಾರ್ಟರ್ ಹೋಗಿದೆ."

ಮೇಡಂ ನಕ್ಕುಬಿಟ್ಟರು. ಪರೀಕ್ಷಕರೂ ಸ್ವಲ್ಪ ನಕ್ಕು, ಅಂಕದ ಹಾಳೆಯಲ್ಲಿ ಏನೋ ಬರೆದು, ಮುಂದಿನವರನ್ನು ಕಳಿಸಿ ಅಂದರು. ಅದು ಎಷ್ಟು ಅಂತ ರಿಸಲ್ಟ್ ಬಂದ ದಿನವೇ ಗೊತ್ತಾದದ್ದು. ಪಾಸಾಗಿದ್ದೆ. ಭರ್ಜರಿಯಾಗೇನಲ್ಲ, ಪಾಸು.

ಸರ್ಟಿಫಿಕೇಟ್ ಕೊಡುವ ದಿನ ಅಮ್ಮ ಆ ರೇಷ್ಮೆ ಸೀರೆ ಉಟ್ಟಳು. ದೊಡ್ಡಪ್ಪನೂ ಬಂದರು. ಕಾಲೇಜಿನವರು ಬೇರೆ ಫೋಟೋಗ್ರಾಫರನ್ನು ಕರೆಸಿದ್ದರು. ಕ್ಯಾಮೆರಾ ಇಲ್ಲದೆ ಒಂದು ಸಮಾರಂಭದಲ್ಲಿ ಕೂತದ್ದು ದೊಡ್ಡಪ್ಪನ ಜೀವನದಲ್ಲೇ ಮೊದಲಿರಬೇಕು. ಕೈ ಎಲ್ಲಿಡಬೇಕು ಅಂತ ತಿಳಿಯದೆ ಒಮ್ಮೆ ಮಂಡಿ ಮೇಲೆ, ಒಮ್ಮೆ ಮುಂದಿನ ಕುರ್ಚಿಯ ಮೇಲೆ ಇಡುತ್ತಿದ್ದದ್ದು ಸ್ಟೇಜಿನ ಪಕ್ಕ ಸಾಲಿನಲ್ಲಿ ನಿಂತಿದ್ದ ನನಗೆ ಕಾಣುತ್ತಿತ್ತು. ನನ್ನ ಹೆಸರು ಕರೆದರು. ಹೋಗಿ, ಎರಡೂ ಕೈ ಚಾಚಿ ತೆಗೆದುಕೊಂಡೆ.

ಕೆಳಗಿಳಿದು ಬಂದು ಅಮ್ಮನ ಕೈಗೆ ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ದೊಡ್ಡಪ್ಪನಿಗೆ ಕೊಟ್ಟಳು. ರೇಷನ್ ಕಾರ್ಡು, ವೋಟರ್ ಕಾರ್ಡು, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ನಮ್ಮ ಮನೆಯ ಒಂದು ಕಾಗದವನ್ನೂ ಅವರು ಪ್ಲಾಸ್ಟಿಕ್ ಹೊದಿಸದೆ ಬಿಟ್ಟವರಲ್ಲ. ಆಗ ತಾನೇ ತೊಳೆದ ಫೋಟೋ ಹಿಡಿಯುವ ಹಾಗೆ ಅದನ್ನು ಅಂಚಿನಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಓರೆ ಮಾಡಿ, ಮತ್ತೆ ನೇರ ಮಾಡಿ ನೋಡಿದರು.

"ಇದಕ್ಕೆ ಲ್ಯಾಮಿನೇಷನ್ ಬೇಡ ಕಣಮ್ಮ" ಅಂದರು. "ಪ್ಲಾಸ್ಟಿಕ್ ಮೇಲೆ ಬೆಳಕು ಬಿದ್ರೆ ಹೊಳೆಯುತ್ತೆ. ಹೆಸರು ಕಾಣಲ್ಲ."