ಬಾಗಿಲ ಕಂಬದ ಬುಡ

ಚಿಮ್ಮನಚೋಡದ ಬಡಗಿ ಧರ್ಮಣ್ಣನಿಗೆ ಕಟ್ಟಿಗೆಯ ಹೆಸರನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಯ್ದ ಕೊನೆಗೆ ನೀರು ಸವರಿ, ಮೂಸಿ ನೋಡಿ, ಇದು ಸಾಗವಾನಿ, ಇದು ಮತ್ತಿ ಎಂದುಬಿಡುತ್ತಿದ್ದ. ಅಲ್ಲಿ ಮೂಡುವ ಸುತ್ತುಗೆರೆಗಳನ್ನು ಕಂಡು ಮರದ ಬುಡ ಯಾವ ಕಡೆ, ತುದಿ ಯಾವ ಕಡೆ ಎಂದೂ ಹೇಳುತ್ತಿದ್ದ. ಬುಡದಲ್ಲಿ ಗೆರೆ ಹೆಚ್ಚು, ತುದಿಯಲ್ಲಿ ಕಡಿಮೆ. ಬಾಗಿಲ ಕಂಬ ಮರ ನಿಂತಂತೆಯೇ ನಿಲ್ಲಬೇಕು. ತಲೆಕೆಳಗಾದರೆ ಆ ಮನೆಗೆ ಕೇಡು. ಊರೆಲ್ಲ ನಂಬಿದ ಮಾತಿದು, ಎಲ್ಲರಿಗಿಂತ ಹೆಚ್ಚು ಧರ್ಮಣ್ಣ ನಂಬಿದ್ದ. ಸುಡುಗಾಡು ಹೆಮ್ಮೆ ಬೇರೆ: ತನ್ನ ಕೈಯಲ್ಲಿ ಒಂದು ಕಂಬವೂ ತಿರುಗಿಲ್ಲ ಎಂದು ಕೇಳದವರಿಗೂ ಹೇಳುತ್ತಿದ್ದ.

ಮಗಳು ನೀಲಾಬಾಯಿಯನ್ನು ವಾಡಿಗೆ ಕೊಟ್ಟಿದ್ದ. ಅಳಿಯ ನಾಗೇಂದ್ರಪ್ಪ ರೈಲ್ವೆ ನೌಕರ. ಅವರ ಹೊಸ ಮನೆಗೆ ಬಾಗಿಲು ನಿಲ್ಲಿಸಿದವನೂ ಧರ್ಮಣ್ಣನೇ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷ ಆ ಮನೆಯಲ್ಲಿ ಕೇಡಿನ ಮೇಲೆ ಕೇಡು. ನೀಲಾಬಾಯಿಯ ಮಾವ ತೀರಿಕೊಂಡ, ಅವಳ ಬಸಿರು ನಿಲ್ಲಲಿಲ್ಲ, ಅಳಿಯನ ಕಾಲು ಮುರಿಯಿತು. ಅತ್ತೆ ಗುಂಡಮ್ಮ ಹೇಳಿ ಕಳಿಸಿದಳು. ಧರ್ಮಣ್ಣ ಹೋಗಿ ನೋಡಿದರೆ ಮಗಳ ಟ್ರಂಕು ಪಡಸಾಲೆಗೆ ಬಂದಿತ್ತು.

“ಬೀಗರ, ಇಕಿ ಕಾಲ್ಗುಣ ಛಲೋ ಇಲ್ರಿ. ಕರಕೊಂಡು ಹೋಗ್ರಿ,” ಎಂದಳು ಗುಂಡಮ್ಮ.

ಧರ್ಮಣ್ಣನ ಕಣ್ಣು ಬಾಗಿಲಿಗೆ ಹೋಯಿತು. ಕಂಬದಲ್ಲಿದ್ದ ಗಂಟು, ಹಿಂದೆ ಕೊಂಬೆ ಒಡೆದ ಜಾಗ, ಮೇಲಕ್ಕೇ ವಾಲಿತ್ತು. ಕಂಬ ಸರಿಯಾಗಿಯೇ ನಿಂತಿತ್ತು.

“ಮಗಳದೇನೂ ತಪ್ಪಿಲ್ರಿ, ತಪ್ಪು ನಂದು,” ಎಂದ. “ಈ ಕಂಬ ನಾ ತಲಿಕೆಳಗ ನಿಲ್ಲಿಸೀನಿ.”

ಬಡಗಿ ತನ್ನ ಬಾಯಿಂದಲೇ ಇಂಥ ಮಾತಾಡಿದ ಮೇಲೆ ಸುಳ್ಳಿರಲಾರದೆಂದು ಗುಂಡಮ್ಮ ನಂಬಿದಳು. ಮನಸಾರೆ ಬೈದಳು, ಅತ್ತಳು. ಟ್ರಂಕು ಒಳಗಿಡಲು ಸೊಸೆಗೆ ಹೇಳಿದಳು. ಆಮೇಲೆ, ಕಂಬವನ್ನು ಈಗಲೇ ತಿರುಗಿಸಿ ನಿಲ್ಲಿಸಬೇಕೆಂದು ಪಟ್ಟು ಹಿಡಿದಳು.

ಇದು ಧರ್ಮಣ್ಣನಿಗೆ ಹೊಳೆದಿರಲಿಲ್ಲ. ಹಳೇ ಕಂಬ ಬೇಡ, ಹೊಸದು ತರುತ್ತೇನೆಂದ, ಅವಳು ಕೇಳಲಿಲ್ಲ. ನೆರೆಯವರು ಕೂಡಿದರು, ಕಂಬ ಕಿತ್ತು ಮಲಗಿಸಿದರು. ಅವನು ಕೆಳಗಿದ್ದ ಕೊನೆಯ ಮೇಲೆ ನೀರು ಸವರಿದ. ಬುಡದ ಗೆರೆಗಳು ಒತ್ತೊತ್ತಾಗಿ ಎದ್ದವು. ಅದನ್ನು ಓದಬಲ್ಲವನು ಅಲ್ಲಿ ಅವನೊಬ್ಬನೇ. ಮತ್ತೆ ತಪ್ಪಾಗದಿರಲೆಂದು ಗುಂಡಮ್ಮ ಆ ಕೊನೆಗೆ ಸುಣ್ಣ ಬಳಿದು, ಇದು ಮೇಲೆ ಬರಲಿ ಎಂದಳು.

ಹೊತ್ತು ಮುಳುಗುವ ಮುಂಚೆ ಕಂಬ ನಿಂತಿತು. ಜನ್ಮದಲ್ಲಿ ಮೊದಲ ಸಲ, ಮಗಳು ಬಾಳಬೇಕಾದ ಮನೆಯಲ್ಲೇ, ಅವನು ಬುಡವನ್ನು ಮೇಲೆ ಮಾಡಿದ್ದ. ನೀಲಾಬಾಯಿ ನಗುತ್ತ ಹೊಸ್ತಿಲಿಗೆ ಅರಿಶಿನ ಹಚ್ಚಿ, ಊಟಕ್ಕೆ ಬಾ ಎಂದು ಅಪ್ಪನನ್ನು ಕರೆದಳು. ಧರ್ಮಣ್ಣನಿಗೆ ಆ ಬಾಗಿಲು ದಾಟಲು ಕಾಲೇ ಬರಲಿಲ್ಲ.