ನನ್ನ ತಮ್ಮನ ನಲವತ್ತೊಂದು ಹೂಂ

ನನ್ನ ತಮ್ಮ ಆರು ವರ್ಷ ಏನು ಕೆಲಸ ಮಾಡಿದ ಎಂದು ಯಾರಾದರೂ ಕೇಳಿದರೆ ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಹೂಂ ಅಂದ. ಕೇಳಿದವರು ನಗುತ್ತಾರೆ. ನಗಲಿ. ಪಾಡ್‌ಕಾಸ್ಟ್ ಕಂಪನಿಯೊಂದು ಅವನಿಗೆ ಸಂಬಳ ಕೊಟ್ಟದ್ದು ಅದಕ್ಕೇ. ಮೈಕಿನ ಮುಂದೆ ಯಾರೋ ದೊಡ್ಡ ಮನುಷ್ಯ ಕೂತು ಗಂಟೆಗಟ್ಟಲೆ ಕೊರೆಯುತ್ತಿದ್ದ, ಎದುರಿಗೆ ಕೂತ ನನ್ನ ತಮ್ಮ ನಡುನಡುವೆ "ಹೂಂ", "ಓಹೋ", "ಹೌದಾ?" ಅನ್ನುತ್ತಿದ್ದ. ಕೋಲೆಬಸವನಿಗಾದರೂ ತಲೆಯಾಡಿಸುವ ಶ್ರಮವಿದೆ. ಇವನಿಗೆ ಅದೂ ಇರಲಿಲ್ಲ, ತಲೆಯಾಡಿಸಿದರೆ ಮೈಕಿಗೆ ಕೇಳುವುದಿಲ್ಲವಲ್ಲ.

ಈ ವಿದ್ಯೆ ಅವನು ಕಲಿತದ್ದು ಮನೆಯಲ್ಲೇ. ಅಮ್ಮ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಕಾರ್ಖಾನೆಯಿಂದ ಅಂಗಿಯ ಮೂಟೆ ಬಂದು ಬೀಳುತ್ತಿತ್ತು. ನಾನು ಸೂಜಿಗೆ ದಾರ ಪೋಣಿಸಬೇಕು, ತಮ್ಮ ಡಬ್ಬಿಯಿಂದ ಗುಂಡಿ ಆರಿಸಿ ಕೊಡಬೇಕು. ನಾವು ಎದ್ದು ಓಡದಿರಲಿ ಎಂದು ಅಮ್ಮ ಕತೆ ಹೇಳುತ್ತಿದ್ದಳು. "ಹೂಂಗುಟ್ಟೋರು ಇಲ್ದೆ ಕತೆ ಮುಂದಕ್ಕೆ ಹೋಗಲ್ಲ" ಎಂಬುದು ಅವಳ ಷರತ್ತು. ನಾನು ಹೂಂ ಅನ್ನುವ ಬದಲು "ಯಾಕೆ?" ಎಂದು ಅಡ್ಡಬಾಯಿ ಹಾಕುತ್ತಿದ್ದೆ, ಹಾಗಾಗಿ ಆ ಹುದ್ದೆ ತಮ್ಮನ ಪಾಲಾಯಿತು. ತೂಕಡಿಸುತ್ತ ಅನ್ನುವ ಹೂಂ ಯಾವುದು, ಗುಂಡಿ ಜೋಡಿಸಿ ಆಟವಾಡುತ್ತ ಅನ್ನುವ ಹೂಂ ಯಾವುದು, ನಿಜವಾಗಿ ಕೇಳುತ್ತ ಅನ್ನುವ ಹೂಂ ಯಾವುದು ಎಂದು ಅಮ್ಮ ತಲೆಯೆತ್ತದೆ ಹೇಳಿಬಿಡುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ.

ಕಂಪನಿ ಶುರುವಾದದ್ದು ಬೀಗದ ಕೈ ಮಾಡುವ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು. ಯಜಮಾನ ತಮ್ಮನ ಹಳೆಯ ಸಹಪಾಠಿ. ತನ್ನನ್ನು ಎಲ್ಲರೂ ಚೀಫ್ ಎಂದು ಕರೆಯಬೇಕು ಎಂದು ತಾನೇ ನಿಯಮ ಮಾಡಿಕೊಂಡಿದ್ದ, ಆಗ ಅಲ್ಲಿ ಇದ್ದವರು ಇಬ್ಬರು. ತಮ್ಮನ ಮೊದಲ ಕೆಲಸ, ರೆಕಾರ್ಡಿಂಗ್ ನಡೆಯುವಾಗ ಕೆಳಗೆ ಓಡಿ "ಐದು ನಿಮಿಷ ಉಜ್ಜೋದು ನಿಲ್ಸಿ ಅಣ್ಣ" ಎಂದು ಬೀಗದವನನ್ನು ಬೇಡುವುದು. ಒಂದು ದಿನ ಮಾತಾಡಲು ಬಂದ ಷೇರು ಪಂಡಿತನಿಗೆ ಮೈಕ್ ಕಂಡು ನಾಲಿಗೆ ಸೇದಿಹೋಯಿತು. ಎದುರಿಗೆ ಒಂದು ಮುಖವಾದರೂ ಇರಲಿ ಎಂದು ತಮ್ಮನನ್ನು ಕೂರಿಸಿದರು. ಇವನು ಹೂಂ ಅಂದ. ಪಂಡಿತನ ನಲ್ಲಿ ತೆರೆಯಿತು, ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು.

ಆ ವಾರ ಚೀಫ್ ಕಂಪ್ಯೂಟರಿನಲ್ಲಿ ಕೇಳುಗರ ಲೆಕ್ಕ ತೋರಿಸುವ ಒಂದು ಗೆರೆ ನೋಡಿದ. ಮಾಮೂಲಿಯಾಗಿ ನಾಲ್ಕನೇ ನಿಮಿಷಕ್ಕೆ ಕೇಳುಗರು ಕಿವಿ ಕಿತ್ತುಕೊಂಡು ಓಡುತ್ತಿದ್ದರು. ಈ ಸಲ ಯಾರೂ ಓಡಲಿಲ್ಲ, ಏಳನೇ ನಿಮಿಷದ ಜಾಹೀರಾತನ್ನೂ ಸಹಿಸಿಕೊಂಡು ಕೂತರು. ಪಕ್ಕದಲ್ಲಿ ಒಬ್ಬ ಹೂಂ ಅನ್ನುತ್ತಿದ್ದರೆ ಎಂಥ ಬೊಗಳೆಯೂ ಮಾತಾಗುತ್ತದೆ. ಇಷ್ಟು ತಿಳಿಯಲು ನಮ್ಮ ಅಮ್ಮನನ್ನು ಕೇಳಿದ್ದರೆ ಸಾಕಿತ್ತು. ಚೀಫ್ ಅದಕ್ಕೆ ಡೇಟಾ ಎಂದು ಹೆಸರಿಟ್ಟ, ಅದನ್ನು ತೋರಿಸಿ ಜಾಹೀರಾತು ತಂದ. ಒಂದು ಶೋ ನಾಲ್ಕಾಯಿತು, ನಾಲ್ಕು ಹದಿನಾಲ್ಕಾಯಿತು. ಮನಸ್ಸಿಗೊಂದು, ಆರೋಗ್ಯಕ್ಕೊಂದು, ಷೇರಿಗೊಂದು, ಕೊಲೆಗಳಿಗೊಂದು, ಸತ್ತ ರಾಜರಿಗೊಂದು. ಮೊಟ್ಟೆಯ ಟ್ರೇ ಹೋಗಿ ಮೂರನೇ ಮಹಡಿಯ ಗಾಜಿನ ಆಫೀಸು ಬಂತು, ಪ್ಲಾಸ್ಟಿಕ್ ಗಿಡ ಬಂತು, ಕೂತರೆ ಏಳಲಾಗದಂಥ ಸೋಫಾ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಚೀಫ್ ಲಿಫ್ಟಿನೊಳಗೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ.

ತಮ್ಮನಿಗೂ ಒಂದು ಕಾಲದಲ್ಲಿ ಅಭಿಪ್ರಾಯ ಎನ್ನುವುದು ಅಷ್ಟಿಷ್ಟು ಇತ್ತು. ಅದು ಕರಗಿತು. ಸೋಮವಾರ ಒಬ್ಬ ಸಾಲ ಮಾಡಿ ಮನೆ ಕಟ್ಟಿ ಅಂದರೆ ಹೂಂ, ಮಂಗಳವಾರ ಇನ್ನೊಬ್ಬ ಮನೆ ಕಟ್ಟುವವನು ಮೂರ್ಖ ಅಂದರೆ ಅದಕ್ಕೂ ಹೂಂ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. "ನಿಂಗೆ ನಾಚಿಕೆ ಆಗಲ್ವಾ?" ಎಂದು ಕೇಳಿದೆ. "ಮುಂದಿನ ವರ್ಷ ನಂದೇ ಒಂದು ಶೋ ಕೊಡ್ತಾರಂತೆ ಅಕ್ಕ" ಅಂದ. ಆ ಮುಂದಿನ ವರ್ಷ ಐದು ಸಲ ಬಂದು ಹೋಯಿತು.

ಹದಿನಾಲ್ಕು ಶೋಗೆ ಒಬ್ಬನೇ ಎಲ್ಲಿ ಓಡಿಯಾನು? ಒಂದು ಮಧ್ಯಾಹ್ನ ಅವನನ್ನು ಕೋಣೆಯಲ್ಲಿ ಕೂಡಿಹಾಕಿ ಬಗೆಬಗೆಯ ಹೂಂ ಹೇಳಿಸಿ ಕಂಪ್ಯೂಟರಿಗೆ ತುಂಬಿಟ್ಟುಕೊಂಡರು. ಬೆರಗಿನದು, ಮರುಕದ್ದು, ಅನುಮಾನದ್ದು, ಒಟ್ಟು ನಲವತ್ತೊಂದು. ಇನ್ನುಮುಂದೆ ಬೇಕಾದಲ್ಲಿ ಅಂಟಿಸಿಕೊಳ್ಳುತ್ತಾರಂತೆ. ತಮ್ಮ ಎದೆಯುಬ್ಬಿಸಿಕೊಂಡು ಮನೆಗೆ ಬಂದ. ಅನುಮಾನದ ಹೂಂ ಮಾತ್ರ ಎಲ್ಲೂ ಬಳಸಲಿಲ್ಲ, ಜಾಹೀರಾತು ಕೊಟ್ಟವರಿಗೆ ಬೇಜಾರಾಗುತ್ತದಂತೆ.

ಈ ಹದಿನಾಲ್ಕು ಶೋಗಳನ್ನೂ ಬಿಡದೆ ಕೇಳುತ್ತಿದ್ದವಳು ಅಮ್ಮ ಒಬ್ಬಳೇ ಇರಬೇಕು. ಹೊಲಿಯುತ್ತ ಕೂತು, ಫೋನನ್ನು ಗುಂಡಿಯ ಡಬ್ಬಿಗೆ ಒರಗಿಸಿಡುತ್ತಿದ್ದಳು. "ಉಳಿದೋರ ಮಾತು ಯಾರಿಗ್ ಬೇಕು? ನಂಗೆ ನನ್ ಮಗನ ದನಿ ಸಾಕು" ಅನ್ನುತ್ತಿದ್ದಳು.

ನನ್ನದು ಔಷಧಿ ಅಂಗಡಿ. ಅಮ್ಮನಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ತಿಂಗಳು ತಿಂಗಳು ಮಾತ್ರೆ ನಾನೇ ತಂದುಕೊಡುತ್ತಿದ್ದೆ. ಬೀದಿಯವರಿಗೆಲ್ಲ "ಮಾತ್ರೆ ತಪ್ಪಿಸ್ಬೇಡಿ" ಎಂದು ಬುದ್ಧಿ ಹೇಳುವ ನಾನು ಮನೆಯಲ್ಲಿ ಅವಳು ನುಂಗುತ್ತಿದ್ದಾಳೋ ಇಲ್ಲವೋ ನೋಡಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ನನ್ನ ಮೇಲೂ ನನಗೆ ಅಸಹ್ಯವಿದೆ.

ಒಂದು ದಿನ ಅಮ್ಮನ ಕಾಲಿನಿಂದ ವಾಸನೆ ಬಂತು. ಮುರಿದ ಸೂಜಿಯ ತುಂಡೊಂದು ಹೆಬ್ಬೆರಳಿಗೆ ಹೊಕ್ಕು ಎಷ್ಟು ದಿನವಾಗಿತ್ತೋ, ಸಕ್ಕರೆಗೆ ಮರಗಟ್ಟಿದ ಕಾಲು, ಅವಳಿಗೆ ತಿಳಿದೇ ಇರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರ್ ನನ್ನ ಮುಖ ನೋಡಿ "ಇವ್ರು ಮಾತ್ರೆ ಬಿಟ್ಟು ಎಷ್ಟು ತಿಂಗ್ಳಾಯ್ತು?" ಅಂದರು. ಮನೆಗೆ ಓಡಿ ಬಂದು ಹುಡುಕಿದೆ. ಗುಂಡಿಯ ಡಬ್ಬಿಯ ತಳದಲ್ಲಿ ಮಾತ್ರೆಯ ಪಟ್ಟಿಗಳು ಇದ್ದವು, ಒಂದೂ ಒಡೆದಿರಲಿಲ್ಲ.

ಬೆರಳು ತೆಗೆದರು. ಎರಡು ದಿನದ ಮೇಲೆ ತಮ್ಮನ ಜೊತೆ ಹಾಸಿಗೆಯ ಪಕ್ಕ ಕೂತು ಕೇಳಿದೆ, "ಯಾಕಮ್ಮ ಬಿಟ್ಟೆ?"

"ಫೋನಲ್ಲಿ ಬರೋ ಪುಡಿ ಡಾಕ್ಟ್ರು ಹೇಳಿದ್ರಲ್ಲ, ಸಕ್ಕರೆಗೆ ಮಾತ್ರೆ ಬೇಡ, ಅವ್ರ ಪುಡಿ ಸಾಕು ಅಂತ."

"ಆ ಪಾಡ್‌ಕಾಸ್ಟ್ ವೈದ್ಯನ್ನ ನಂಬಿದ್ಯಾ?"

"ಅವನನ್ಯಾಕೆ ನಂಬ್ಲಿ?" ಅಮ್ಮ ತಮ್ಮನ ಕಡೆ ಕೈ ತೋರಿಸಿದಳು. "ಇವ್ನು ಹೂಂ ಅಂದ್ನಲ್ಲ."

ತಮ್ಮ ಬಿಳಿಚಿಕೊಂಡ. "ಅಮ್ಮ, ನಾನು ಆ ಮನುಷ್ಯನ ಮುಖಾನೇ ನೋಡಿಲ್ಲ. ಅದು ಅಂಟಿಸಿರೋದು."

"ಸುಳ್ಳು ಹೇಳ್ಬೇಡ. ನಿನ್ನ ಹೂಂ ನಂಗೊತ್ತಿಲ್ವಾ? ಅದು ಆಟ ಆಡ್ತಾ ಅನ್ನೋ ಹೂಂ ಅಲ್ಲ. ಕೂತು ಕೇಳಿ, ನಂಬಿ ಅಂದಿದ್ದು."

ಮರುದಿನ ಇಬ್ಬರೂ ಗಾಜಿನ ಆಫೀಸಿಗೆ ಹೋದೆವು. ಆ ಎಪಿಸೋಡ್ ತೆಗೆದುಹಾಕಿ ಎಂದು ತಮ್ಮ ಕೇಳಿದ. ಚೀಫ್ ಸೋಫಾದಲ್ಲಿ ಮುಳುಗಿಕೊಂಡೇ ಮರುಗಿದ. "ಛೆ ಛೆ, ಅಮ್ಮಂಗೆ ಹೀಗಾಗ್ಬಾರ್ದಿತ್ತು. ಆದ್ರೆ ಜನ ಕೊನೇವರೆಗೂ ಕೇಳಿರೋದು ಅದೊಂದನ್ನೇ ಕಣೋ. ತೆಗೆದ್ರೆ ಪುಡಿ ಕಂಪನಿಯೋರು ಸುಮ್ನಿರ್ತಾರಾ?"

ಎಡಿಟಿಂಗ್ ಮಾಡುವ ಹುಡುಗಿ ತಲೆ ತಗ್ಗಿಸಿ ತಮ್ಮನಿಗೆ ಹೇಳಿದಳು, "ಸರ್, ಅದ್ರಲ್ಲಿರೋ ಹೂಂ ನಿಮ್ಮ ಮೂವತ್ತೆರಡನೇದು. ನಂಬಿಕೆ ಅಂತ ಹೆಸರಿಟ್ಟಿದೀವಿ."

ಅದರ ಕತೆ ತಮ್ಮ ಆಮೇಲೆ ನನಗೆ ಹೇಳಿದ. ಆ ಮಧ್ಯಾಹ್ನ ಮೂವತ್ತೆರಡನೆಯದು ಎಷ್ಟು ಸಲ ಹೇಳಿದರೂ ಸರಿಬಂದಿರಲಿಲ್ಲವಂತೆ. ಯಾರ ಮಾತು ಕಣ್ಣುಮುಚ್ಚಿ ನಂಬ್ತೀಯೋ ಅವರು ಎದುರಿಗೆ ಕೂತಿದ್ದಾರೆ ಅಂದುಕೊಂಡು ಹೇಳು ಎಂದನಂತೆ ಚೀಫ್. ಇವನು ಅಮ್ಮನನ್ನು ನೆನೆದು ಹೇಳಿದನಂತೆ.

ಚೀಫ್ ಇನ್ನೂ ಮುಗಿಸಿರಲಿಲ್ಲ. "ಒಂದು ಕೆಲ್ಸ ಮಾಡೋಣ" ಎಂದು ಮುಂದಕ್ಕೆ ಬಾಗಿದ. "ನಿಂಗೆ ನಿಂದೇ ಶೋ ಬೇಕಿತ್ತಲ್ವಾ? ಇದೇ ಮೊದಲ್ನೇ ಎಪಿಸೋಡ್. ತಾಯಿ, ಮಗ, ಬೆರಳು. ಅಮ್ಮನ್ನ ಕರ್ಕೊಂಡ್ ಬಾ. ಜನ ಅತ್ತುಬಿಡ್ತಾರೆ."

ನಾನು ತಮ್ಮನ ಬಾಯಿಯನ್ನೇ ನೋಡಿದೆ. ಆರು ವರ್ಷದ ಅಭ್ಯಾಸ, ಹೂಂ ಅಂದೇ ಬಿಡುತ್ತಾನೆ ಅಂದುಕೊಂಡೆ. ಅಂದಿದ್ದರೆ ಅಲ್ಲೇ ಕೆನ್ನೆಗೆ ಬಾರಿಸುತ್ತಿದ್ದೆ.

"ಊಹೂಂ" ಅಂದ ತಮ್ಮ.

ಚೀಫ್ ಭುಜ ಹಾರಿಸಿದ. "ಸರಿ ಬಿಡು. ನೀನು ಇಲ್ದಿದ್ರೂ ನಡಿಯುತ್ತೆ, ಹಳೇದೆಲ್ಲ ಇದ್ಯಲ್ಲ."

ನಡೆಯುತ್ತಲೇ ಇದೆ. ಶೋಗಳು ಈಗ ಇಪ್ಪತ್ತು, ಎಲ್ಲದರಲ್ಲೂ ನನ್ನ ತಮ್ಮ ಹೂಂ ಅನ್ನುತ್ತಾನೆ. ನಿಜವಾದವನು ನನ್ನ ಅಂಗಡಿಯಲ್ಲಿ ಔಷಧಿಯ ಪೆಟ್ಟಿಗೆ ಇಳಿಸುತ್ತಾನೆ. ಪುಡಿ ಕೇಳಿಕೊಂಡು ಬಂದವರನ್ನು ಕೂರಿಸಿ ಅಮ್ಮನ ಬೆರಳಿನ ವಿಷಯ ಹೇಳುತ್ತಾನೆ. ಅವರು ಇವನ ದನಿ ಗುರುತು ಹಿಡಿದು, "ಅಯ್ಯೋ, ನೀವೇ ಹೂಂ ಅಂದಿದ್ರಲ್ಲ ಸರ್" ಎಂದು ನಕ್ಕು ಬೇರೆ ಅಂಗಡಿಗೆ ಹೋಗುತ್ತಾರೆ.

ಅಮ್ಮ ಕೋಲೂರಿ ನಡೆಯುತ್ತಾಳೆ, ಗುಂಡಿ ಹಾಕುವುದನ್ನು ಬಿಟ್ಟಿಲ್ಲ. ಮಧ್ಯಾಹ್ನ ತಮ್ಮ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಾನೆ. ಅವಳು ಏನೋ ಹೇಳುತ್ತಿರುತ್ತಾಳೆ, ಇವನು ಹೂಂ ಅನ್ನುತ್ತಾನೆ. ಈಗ ಅಮ್ಮ ಪ್ರತಿ ಸಲವೂ ಸೂಜಿ ನಿಲ್ಲಿಸಿ, ತಲೆಯೆತ್ತಿ ಅವನ ಮುಖ ನೋಡುತ್ತಾಳೆ.